ಚೆಂಡು ಬದಲಿಸಿದರೆ ಹೊಡೆತ ದೂರ ಹೋಗುವುದೇ?

ನಮ್ಮ ವಾಚನಾಲಯಕ್ಕೆ ಸಂಜೆ ಬರುವ ಬಂಧುಗಳಲ್ಲಿ ಒಬ್ಬರು ಮುಂಬಯಿಯ ಗಾಲ್ಫ್ ಮೈದಾನವೊಂದರಲ್ಲಿ ಆಟಗಾರರ ಚೀಲ ಹೊರುವ ಕ್ಯಾಡಿ ಕೆಲಸದಲ್ಲಿದ್ದಾರೆ. ಹೋದ ತಿಂಗಳು ಒಂದು ದಿನ ಅವರು ಪತ್ರಿಕೆಯನ್ನೂ ಮುಟ್ಟದೆ ಸುಮ್ಮನೆ ಕುಳಿತಿದ್ದರು. ವಿಚಾರಿಸಿದೆವು. ಅಂದು ಸಾಹೇಬರೊಬ್ಬರ ದುಬಾರಿ ಚೆಂಡು ಕೊಳಕ್ಕೆ ಬಿದ್ದಿತಂತೆ. ಇವರು ಚೀಲದಲ್ಲಿದ್ದ ಇನ್ನೊಂದು, ಅಗ್ಗದ ಆದರೆ ಹೊಚ್ಚ ಹೊಸ ಚೆಂಡನ್ನು ತೆಗೆದುಕೊಟ್ಟರಂತೆ. ಮುಂದಿನ ಹೊಡೆತ ಎಂದಿಗಿಂತ ಇಪ್ಪತ್ತೈದು ಗಜ ಹಿಂದೆಯೇ ಬಿದ್ದಿತು. "ನೀನು ಕೊಟ್ಟ ಚೆಂಡಿನಿಂದಲೇ ಹೀಗಾಯಿತು" ಎಂದು ಗದರಿ, ಬಕ್ಷೀಸನ್ನೂ ಕೊಡದೆ ಅವರು ಹೊರಟುಹೋದರಂತೆ. ತಪ್ಪು ಚೆಂಡಿನದೋ, ಹೊಡೆದವರದೋ? ಪುಸ್ತಕ ನೋಡಿ ಹೇಳುತ್ತೇವೆಂದು ಅವರಿಗೆ ಮಾತು ಕೊಟ್ಟಿದ್ದೆವು.

ಈ ಆಟ ನೋಡಿರದ ಓದುಗರಿಗಾಗಿ ಒಂದು ಮಾತು. ನೂರಾರು ಗಜ ದೂರದಲ್ಲಿರುವ ಸಣ್ಣ ಹೋಲಿಗೆ ಆದಷ್ಟು ಕಡಿಮೆ ಹೊಡೆತಗಳಲ್ಲಿ ಚೆಂಡನ್ನು ಸೇರಿಸುವುದೇ ಗಾಲ್ಫ್. ಡ್ರೈವರ್ ಎಂಬ ಉದ್ದನೆಯ ಕೋಲಿನಿಂದ ಹೊಡೆಯುವ ಮೊದಲ ಹೊಡೆತವೇ ಎಲ್ಲಕ್ಕಿಂತ ದೂರ ಹೋಗುವಂಥದು. ಕಲ್ಕತ್ತೆಯಲ್ಲಿ ೧೮೨೯ರಲ್ಲೂ ನಮ್ಮ ಬೆಂಗಳೂರಿನಲ್ಲಿ ೧೮೭೬ರಲ್ಲೂ ಇದರ ಕ್ಲಬ್ಬುಗಳು ಹುಟ್ಟಿದವು.

ಚೆಂಡಿನಿಂದ ದೂರ ಬದಲಾಗುವುದೆಂಬ ನಂಬಿಕೆ ಬುಡವಿಲ್ಲದ್ದೇನಲ್ಲ. ಒಂದು ಕಾಲಕ್ಕೆ ಅದು ಪೂರ್ಣ ನಿಜವಾಗಿತ್ತು. ಹಿಂದೆ ಸ್ಕಾಟ್‌ಲೆಂಡಿನಲ್ಲಿ ತೊಗಲಿನ ಚಿಕ್ಕ ಚೀಲ ಹೊಲಿದು, ಬೇಯಿಸಿದ ಹಕ್ಕಿಪುಕ್ಕವನ್ನು ಒಂದು ಟೊಪ್ಪಿಗೆಯ ತುಂಬ ಅದರೊಳಗೆ ತುರುಕಿ ಚೆಂಡು ಮಾಡುತ್ತಿದ್ದರು. ಒಬ್ಬ ಕೆಲಸಗಾರ ದಿನಕ್ಕೆ ಮೂರು ನಾಲ್ಕು ಮಾಡಿದರೆ ಹೆಚ್ಚು. ಒದ್ದೆಯಾದರೆ ಅದೂ ಕೆಡುತ್ತಿತ್ತು. ೧೮೪೮ರ ಸುಮಾರಿಗೆ ಮಲಯ ಸೀಮೆಯ ಮರದ ಅಂಟಾದ ಗಟಪರ್ಚದ ಅಗ್ಗದ ಚೆಂಡು ಬಂದಿತು. ಆಗ ಒಂದು ವಿಚಿತ್ರ ಕಂಡಿತು: ನುಣುಪಾದ ಹೊಸ ಚೆಂಡಿಗಿಂತ ಪೆಟ್ಟು ತಿಂದು ಮೈಯೆಲ್ಲ ಗಾಯವಾದ ಹಳೆಯದೇ ಚೆನ್ನಾಗಿ ಹಾರುತ್ತಿತ್ತು! ಅಂದಿನಿಂದ ಹೊಸ ಚೆಂಡಿಗೂ ಸುತ್ತಿಗೆಯಿಂದ ಗುರುತು ಹೊಡೆಯತೊಡಗಿದರು. ೧೮೯೮ರಲ್ಲಿ ಅಮೆರಿಕದ ಕೋಬರ್ನ್ ಹ್ಯಾಸ್ಕೆಲ್ ಎಂಬಾತ ರಬ್ಬರ್ ದಾರವನ್ನು ಬಿಗಿಯಾಗಿ ಸುತ್ತಿದ ಚೆಂಡನ್ನು ರೂಪಿಸಿದ. ಅದು ಹಳೆಯದನ್ನು ಬಹಳ ಹಿಂದೆ ಹಾಕಿತು. ೧೯೦೫ರಲ್ಲಿ ಇಂಗ್ಲೆಂಡಿನ ವಿಲಿಯಂ ಟೇಲರ್ ಚೆಂಡಿನ ಮೈಮೇಲಿನ ಗುಳಿಗಳಿಗೆ ಹಕ್ಕುಪತ್ರ ಪಡೆದ.

ಈ ಗುಳಿಗಳೇನು ಮಾಡುತ್ತವೆ? ನುಣುಪು ಚೆಂಡು ವೇಗವಾಗಿ ಹೋಗುವಾಗ ಅದರ ಮೈಗಂಟಿ ಹರಿಯುವ ಗಾಳಿಯ ಪದರ ಬೇಗನೆ ಕಳಚಿಕೊಂಡು ಬೆನ್ನ ಹಿಂದೆ ಅಗಲವಾದ ಸುಳಿಯೇಳುತ್ತದೆ. ಆ ಸುಳಿಯೇ ಚೆಂಡನ್ನು ಹಿಂದಕ್ಕೆ ಎಳೆಯುವುದು. ಗುಳಿಗಳಿದ್ದರೆ ಪದರ ಕದಡಿ, ಇನ್ನಷ್ಟು ಹಿಂದಿನವರೆಗೆ ಮೈಗಂಟಿಕೊಂಡೇ ಹೋಗುತ್ತದೆ, ಸುಳಿ ಕಿರಿದಾಗುತ್ತದೆ. ಹೊಡೆದ ಚೆಂಡು ಹಿಮ್ಮುಖವಾಗಿ ತಿರುಗುತ್ತಲೂ ಇರುವುದರಿಂದ ಗಾಳಿ ಅದನ್ನು ಮೇಲಕ್ಕೆತ್ತಿ ಹಿಡಿಯುತ್ತದೆ. ಈ ತಿರುಗುವಿಕೆಯ ಮಹತ್ವವನ್ನು ೧೮೯೦ರ ದಶಕದಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದ ಪೀಟರ್ ಗಥ್ರಿ ಟೇಟ್ ತೋರಿಸಿಕೊಟ್ಟರು. (ಅವರ ಮಗ ಫ್ರೆಡಿ ೧೮೯೬ ಮತ್ತು ೧೮೯೮ರಲ್ಲಿ ಬ್ರಿಟಿಷ್ ಅಮೆಚೂರ್ ಪಂದ್ಯ ಗೆದ್ದವನು. ಲೆಕ್ಕ ತಂದೆಯದು, ಹೊಡೆತ ಮಗನದು!) ಗುಳಿಯಿಲ್ಲದ ಚೆಂಡು ಗುಳಿಯಿರುವುದರ ಅರ್ಧದಷ್ಟೇ ದೂರ ಹೋಗುತ್ತದೆ.

ಹೀಗೆ ಚೆಂಡು ದೂರ ದೂರ ಹೋಗತೊಡಗಿದಾಗ ಆಟದ ಆಡಳಿತ ಸಂಸ್ಥೆಗಳು ಕಡಿವಾಣ ಹಾಕಿದವು. ತೂಕ ೪೫.೯೩ ಗ್ರಾಮಿಗಿಂತ ಹೆಚ್ಚಿರಕೂಡದು, ಅಡ್ಡಳತೆ ೪೨.೬೭ ಮಿಲಿಮೀಟರಿಗಿಂತ ಕಡಿಮೆಯಿರಕೂಡದು. ಭಾರವಾದ ಕಿರಿಯ ಚೆಂಡು ಗಾಳಿಯನ್ನು ಸೀಳಿ ದೂರ ಹೋಗುವುದರಿಂದಲೇ ಈ ಕಟ್ಟು. ಅಷ್ಟಕ್ಕೇ ಬಿಡಲಿಲ್ಲ, ೨೦೦೪ರಲ್ಲಿ ಗೊತ್ತುಮಾಡಿದ ಪರೀಕ್ಷೆಯಂತೆ, ಯಂತ್ರವು ಗಂಟೆಗೆ ೧೨೦ ಮೈಲಿ ವೇಗದ ಕೋಲಿನಿಂದ ಹೊಡೆದಾಗ ಚೆಂಡು ೩೧೭ ಗಜ, ವಿನಾಯಿತಿ ಸೇರಿ ೩೨೦ ಗಜ ಮೀರಕೂಡದು. ಈ ಪರೀಕ್ಷೆಯನ್ನು ಇನ್ನೂ ಬಿಗಿಗೊಳಿಸುವುದಾಗಿ ೨೦೨೩ರ ಡಿಸೆಂಬರಿನಲ್ಲಿ ಸಾರಲಾಯಿತು.

ಇಲ್ಲಿಯೇ ನಮ್ಮ ಬಂಧುವಿನ ಪ್ರಶ್ನೆಗೆ ಉತ್ತರವಿದೆ. ನಿಯಮಕ್ಕೊಪ್ಪಿದ ಚೆಂಡುಗಳೆಲ್ಲ ಒಂದೇ ಛಾವಣಿಯ ಕೆಳಗಿವೆ. ದುಬಾರಿಯದೂ ಅದನ್ನು ಒಡೆದು ಮೇಲೇರುವಂತಿಲ್ಲ. ಒಂದೇ ಬಗೆಯ ಹೊಡೆತಕ್ಕೆ ಒಳ್ಳೆಯ ಹೊಸ ಚೆಂಡುಗಳ ನಡುವೆ ಬೀಳುವ ಅಂತರ ಸಾಮಾನ್ಯವಾಗಿ ಕೆಲವೇ ಗಜ. ಇಪ್ಪತ್ತೈದು ಗಜದ ಮಾತು ಬೇರೆ. ಕೋಲಿನ ವೇಗ ಗಂಟೆಗೆ ಒಂದು ಮೈಲಿ ಕುಗ್ಗಿದರೆ ಸುಮಾರು ಎರಡೂವರೆ ಗಜ ಹೋಯಿತು. ಚೆಂಡು ಕೋಲಿನ ಮುಖದ ನಡುವೆ ತಗುಲದೆ ಅಂಚಿಗೆ ತಗುಲಿದರೆ ಹತ್ತಿಪ್ಪತ್ತು ಗಜ ಸುಲಭವಾಗಿ ಹೋಗುತ್ತದೆ. ಆಗತಾನೆ ದುಬಾರಿ ಚೆಂಡನ್ನು ನೀರಿಗೆ ಹಾಕಿದವರ ಕೈ ಹಿಡಿತ ಹೇಗಿದ್ದಿತೋ ನಾವು ಊಹಿಸಬಲ್ಲೆವು. ಗಾಳಿಯೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೩,೦೦೦ ಅಡಿ ಎತ್ತರದಲ್ಲಿದೆ, ಅಲ್ಲಿನ ಗಾಳಿ ತೆಳು. ಮುಂಬಯಿಯಲ್ಲಿ ೨೦೦ ಗಜ ಹೋಗುವ ಹೊಡೆತ ಅಲ್ಲಿ ಐದಾರು ಗಜ ಹೆಚ್ಚು ಹೋದೀತು. ಚೆಂಡು ಬದಲಿಸಿ ಪಡೆಯುವ ಲಾಭವನ್ನು ಊರು ಬದಲಿಸಿಯೂ ಪಡೆಯಬಹುದೆಂದಾಯಿತು!

ಹಾಗೆಂದು ಎಲ್ಲ ಚೆಂಡೂ ಒಂದೇ ಎನ್ನಲಾರೆವು. ಮೈ ಹರಿದ, ತುಂಬ ತರಚಿದ ಚೆಂಡು ದೂರ ಕಳೆದುಕೊಳ್ಳುತ್ತದೆ. ಬಹುಕಾಲ ನೀರಲ್ಲಿದ್ದುದನ್ನೂ ನೆಚ್ಚಬಾರದು. ಅಭ್ಯಾಸದ ಮೈದಾನದಲ್ಲಿ ಕೊಡುವ ಚೆಂಡುಗಳಲ್ಲಿ ಬೇಕೆಂದೇ ಕಡಿಮೆ ದೂರ ಹೋಗುವಂತೆ ಮಾಡಿದವೂ ಇವೆ. ಇನ್ನು ಬೆಲೆಯ ಗುಟ್ಟು ಇರುವುದು ಹೋಲಿನ ಹತ್ತಿರದ ಮೆಲುಹೊಡೆತಗಳಲ್ಲಿ. ಯುರೆಥೇನ್ ಎಂಬ ಮೆದು ಹೊದಿಕೆಯ ದುಬಾರಿ ಚೆಂಡು ಅಲ್ಲಿ ಹೆಚ್ಚು ತಿರುಗಿ, ಬಿದ್ದೆಡೆಯಲ್ಲೇ ನಿಲ್ಲುತ್ತದೆ. ಗಡುಸು ಹೊದಿಕೆಯ ಅಗ್ಗದ್ದು ಉರುಳಿಹೋಗುತ್ತದೆ. ಪಂದ್ಯದ ಸೋಲುಗೆಲವು ಅಲ್ಲಿಯೇ ಹೆಚ್ಚು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ದೂರ ಹೊಡೆಯುವುದರಲ್ಲಿ ಜಗತ್ತಿನ ಇತರ ಆಟಗಾರ್ತಿಯರಿಗಿಂತ ಬಹಳ ಹಿಂದಿದ್ದರೂ, ೨೦೨೧ರ ಆಗಸ್ಟಿನಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾದರು. ಪದಕ ತಪ್ಪಿದ್ದು ಒಂದೇ ಹೊಡೆತದಲ್ಲಿ.

ಇಷ್ಟನ್ನೂ ನಮ್ಮ ಕ್ಯಾಡಿ ಬಂಧುವಿಗೆ ಓದಿ ಹೇಳಿದೆವು. ಅವರು ೩೨೦ ಗಜದ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಂಡು, "ಸಾಹೇಬರಿಗೆ ಇದನ್ನು ಹೇಳುವುದಕ್ಕಾಗುತ್ತದೆಯೇ ಸ್ವಾಮೀ?" ಎಂದು ನಕ್ಕರು. ಈಗ ಅವರು ಚೆಂಡು ಕೊಡುವ ಮುನ್ನ ಅದನ್ನು ಒರೆಸಿ, ಸುತ್ತಲೂ ತಿರುಗಿಸಿ ನೋಡಿ, "ಹೊಸದು, ಗಾಯವಿಲ್ಲ" ಎಂದು ಎಲ್ಲರೆದುರಿಗೆ ಹೇಳಿಯೇ ಕೊಡುತ್ತಾರಂತೆ.