ಹಸಿರಿದ್ದರೂ ಹಣ್ಣೇ: ಮನೆಯಂಗಳದ ಕಿತ್ತಳೆ

ಪ್ರಶ್ನೆ: ಕೊಡಗಿನ ಕಿತ್ತಳೆ ತಿಂದು ಬೀಜವನ್ನು ಕುಂಡಕ್ಕೆ ಹಾಕಿದ್ದೆ. ಒಂದೇ ಬೀಜದಿಂದ ಎರಡು ಸಸಿ ಎದ್ದಿವೆ. ಇವು ಅದೇ ರುಚಿಯ ಹಣ್ಣು ಬಿಡುತ್ತವೆಯೇ?
– ಓದುಗರು, ಮೈಸೂರು

ಉತ್ತರ: ಬಹುಮಟ್ಟಿಗೆ ಬಿಡುತ್ತವೆ. ಕಿತ್ತಳೆಯ ಒಂದು ಬೀಜದೊಳಗೆ ಹಲವು ಭ್ರೂಣಗಳಿರುತ್ತವೆ. ಅವುಗಳಲ್ಲಿ ಹೆಚ್ಚಿನವು ತಾಯಿಮರದ ಅಂಗಾಂಶದಿಂದಲೇ ಹುಟ್ಟಿದವು, ಹಾಗಾಗಿ ತಾಯಿಯ ಗುಣವನ್ನೇ ಹೊತ್ತಿರುತ್ತವೆ. ಕಾಫಿ ತೋಟಗಳಲ್ಲಿದ್ದ ಹಳೆಯ ಕಿತ್ತಳೆ ಮರಗಳು ಹೀಗೆ ಬೀಜದಿಂದಲೇ ಬೆಳೆದವು. ಎರಡರಲ್ಲಿ ಸೊರಗಿದ್ದನ್ನು ತೆಗೆದು ಗಟ್ಟಿಯಾದದ್ದನ್ನು ಉಳಿಸಿಕೊಳ್ಳಿ. ಬೀಜದ ಗಿಡ ಫಲಕ್ಕೆ ಬರಲು 6–8 ವರ್ಷ ಬೇಕು, ಮುಳ್ಳೂ ಹೆಚ್ಚು. ಕಸಿ ಗಿಡವಾದರೆ 3–4 ವರ್ಷ ಸಾಕು. ಕಸಿಯ ಗಂಟು ಮಾತ್ರ ಮಣ್ಣಿನಿಂದ ಮೇಲಿರಲಿ, ಬುಡದಲ್ಲಿ ನೀರು ನಿಲ್ಲದಿರಲಿ. ಕಿತ್ತಳೆಯ ಬೇರು ಬಾಯಾರಿಕೆಯನ್ನು ಸ್ವಲ್ಪ ತಡೆದುಕೊಳ್ಳುತ್ತದೆ, ಕೆಸರನ್ನು ತಡೆದುಕೊಳ್ಳುವುದಿಲ್ಲ.

ಪ್ರಶ್ನೆ: ನಮ್ಮ ಹಿತ್ತಲಿನ ಮರದಲ್ಲಿ ಹಣ್ಣು ಹಸಿರಾಗಿಯೇ ಇರುತ್ತದೆ. ಕೆಂಪಾಗಲಿ ಎಂದು ತಿಂಗಳುಗಟ್ಟಲೆ ಬಿಟ್ಟೆವು. ಸುಲಿದರೆ ತೊಳೆಗಳಲ್ಲಿ ರಸವೇ ಇಲ್ಲ. ಗೊಬ್ಬರ ಸಾಲದೇ?
– ಓದುಗರು, ದಾವಣಗೆರೆ

ಉತ್ತರ: ದಯವಿಟ್ಟು ಇನ್ನಷ್ಟು ಗೊಬ್ಬರ ಸುರಿಯಬೇಡಿ. ಮರ ಹಣ್ಣು ಕೊಟ್ಟಿದೆ, ನೀವು ಬಣ್ಣಕ್ಕಾಗಿ ಕಾಯುತ್ತಾ ಅದನ್ನು ಕಳೆದುಕೊಂಡಿದ್ದೀರಿ.

ಸಿಪ್ಪೆಯ ಹಸಿರು ಹೋಗಿ ಕಿತ್ತಳೆ ಬಣ್ಣ ಮೂಡಲು ತಂಪಾದ ರಾತ್ರಿಗಳು ಬೇಕು. ಬಯಲುಸೀಮೆಯ ಬೆಚ್ಚನೆಯ ಹವೆಯಲ್ಲಿ ಒಳಗೆ ಹಣ್ಣಾದರೂ ಹೊರಗೆ ಹಸಿರು ಉಳಿಯುತ್ತದೆ. ಬಿಸಿಲು ಹೆಚ್ಚಿದಷ್ಟೂ ಹುಳಿ ಬೇಗ ಇಳಿಯುತ್ತದೆ. ಮರದಲ್ಲೇ ಬಹಳ ದಿನ ಉಳಿದ ಹಣ್ಣಿನ ರಸಕೋಶಗಳು ಗಟ್ಟಿಯಾಗಿ ಒಣಗುತ್ತವೆ. ಯೂರಿಯಾ ಉಂಡು ಕೊಬ್ಬಿದ ಮರದ ದೊಡ್ಡ ಹಣ್ಣುಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು.

ಹಾಗೆಂದು ಅವಸರವೂ ಬೇಡ. ಬಾಳೆ, ಮಾವಿನಂತೆ ಕಿತ್ತಳೆಯನ್ನು ಕೊಯ್ದು ಅಡೆ ಹಾಕಿದರೆ ಸಿಹಿ ಏರುವುದಿಲ್ಲ. ಸಕ್ಕರೆ ಎಷ್ಟು ಕೂಡಬೇಕೋ ಅಷ್ಟೂ ಮರದಲ್ಲೇ ಕೂಡಬೇಕು. ಆದ್ದರಿಂದ ಕಣ್ಣನ್ನು ಬಿಟ್ಟು ನಾಲಿಗೆಯನ್ನು ನಂಬಿ. ಹಣ್ಣು ತುಂಬಿಕೊಂಡು ಸಿಪ್ಪೆಯ ಹೊಳಪು ಬದಲಾದಾಗಿನಿಂದ ವಾರಕ್ಕೊಂದು ಕೊಯ್ದು ತಿಂದು ನೋಡಿ. ಮೊದಲು ಬರೀ ಹುಳಿ ಇರುತ್ತದೆ. ಬರಬರುತ್ತಾ ಸಿಹಿ ಮುಂದಾಗಿ, ಹಿಂದೆ ಹುಳಿಯ ಚುರುಕು ಉಳಿಯುತ್ತದೆ. ಆ ವಾರವೇ ಕೊಯ್ಲಿನ ಕಾಲ. ಹುಳಿ ಪೂರ್ತಿ ಹೋದ ಹಣ್ಣು ಸಕ್ಕರೆ ನೀರಿನಂತೆ ಸಪ್ಪೆ. ಜಗ್ಗಿ ಕೀಳಬೇಡಿ, ತೊಟ್ಟಿನ ಬಳಿ ಸಿಪ್ಪೆ ಹರಿಯುತ್ತದೆ, ಕತ್ತರಿಯಿಂದ ಕತ್ತರಿಸಿ.

ಪ್ರಶ್ನೆ: ನಾಗಪುರದ ಕಿತ್ತಳೆಗೂ ಕೊಡಗಿನದಕ್ಕೂ ರುಚಿಯಲ್ಲಿ ನಿಜವಾಗಿ ವ್ಯತ್ಯಾಸವಿದೆಯೇ?
– ಓದುಗರು, ಉಡುಪಿ

ಉತ್ತರ: ಇದೆ. ನಾಗಪುರದ್ದು ಸಡಿಲ ಸಿಪ್ಪೆ. ಕೊಡಗಿನದು ಹಸಿರು ಬೆರೆತ ಹಳದಿ, ಸಿಪ್ಪೆ ತೊಳೆಗೆ ಅಂಟಿಕೊಂಡಂತಿದ್ದರೂ ಸುಲಭವಾಗಿ ಸುಲಿಯುತ್ತದೆ. ರಸದಲ್ಲಿ ಸಿಹಿಹುಳಿ ಎರಡೂ ಹದವಾಗಿ ಕೂಡಿರುತ್ತವೆ. ಹೆಚ್ಚು ದಿನ ಕೆಡದೆಯೂ ಇರುತ್ತದೆ. ಭೌಗೋಳಿಕ ಸೂಚಿಕೆ ಪಡೆದ ಈ ಹಣ್ಣಿನ ಮರಗಳು ಕೊಡಗಿನಲ್ಲೇ ಕಡಿಮೆಯಾಗುತ್ತಿರುವುದು ನನಗೆ ಬಹಳ ಬೇಸರದ ಸಂಗತಿ. ಅಂಗಳದಲ್ಲಿ ಜಾಗವಿರುವವರು ಒಂದಾದರೂ ನೆಡಲಿ.

ಪ್ರಶ್ನೆ: ಎಲೆ ಹಳದಿಯಾಗುತ್ತಿದೆ, ಹಣ್ಣು ಸೊಟ್ಟ ಮತ್ತು ಕಹಿ. ಮರ ಉಳಿಸಬಹುದೇ?
– ಓದುಗರು, ಸೋಮವಾರಪೇಟೆ

ಉತ್ತರ: ಎಲೆಯ ನಡುನರವನ್ನು ನೋಡಿ. ಅದರ ಎರಡೂ ಬದಿಯಲ್ಲಿ ಹಳದಿ ಒಂದೇ ಬಗೆಯಾಗಿದ್ದರೆ ಸತುವಿನ ಕೊರತೆಯಿರಬಹುದು, ಸತುವಿನ ಸಿಂಪಡಣೆಯಿಂದ ಚೇತರಿಸಿಕೊಳ್ಳುತ್ತದೆ. ಒಂದು ಬದಿಗೆ ಇನ್ನೊಂದು ಹೊಂದದಂತೆ ತೇಪೆತೇಪೆಯಾಗಿದ್ದು, ಹಣ್ಣೂ ಸೊಟ್ಟಗಿದ್ದರೆ ಅದು ಗ್ರೀನಿಂಗ್ ರೋಗದ ಲಕ್ಷಣ. ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರಕ್ಕೆ ಎಲೆ ತೋರಿಸಿ. ಗ್ರೀನಿಂಗ್ ಎಂದು ಖಚಿತವಾದರೆ ಮರ ಕಡಿಯಲೇಬೇಕು, ಅದಕ್ಕೆ ಮದ್ದಿಲ್ಲ. ಸಿಲ್ಲಾ ಎಂಬ ಸಣ್ಣ ಕೀಟ ಅದನ್ನು ಪಕ್ಕದ ಮರಗಳಿಗೆ ದಾಟಿಸುತ್ತದೆ. ಈ ಕೀಟ ಕರಿಬೇವಿನ ಚಿಗುರಿನಲ್ಲೂ ಬೆಳೆಯುವುದರಿಂದ ಅದನ್ನೂ ಗಮನಿಸುತ್ತಿರಿ. ರೋಗ ಮಣ್ಣಿನಿಂದ ಹರಡುವುದಿಲ್ಲ. ನಂಬಿಕಸ್ತ ನರ್ಸರಿಯ ರೋಗವಿಲ್ಲದ ಕಸಿ ಗಿಡವನ್ನು ಅದೇ ಗುಂಡಿಯಲ್ಲಿ ನೆಡಬಹುದು.