ಕಡಿತ ಕೇಳದ ಪಿಎಫ್‌ಗೂ ಲೆಕ್ಕ ಇರಲಿ
ಜುಲೈ ಬಂತೆಂದರೆ ವಿಜಯನಗರ, ಬಸವೇಶ್ವರನಗರದ ಸಂಬಳದಾರರ ಮನೆಗಳಲ್ಲಿ ರಿಟರ್ನ್ಸ್‌ನದೇ ಮಾತು. ಹೊಸ ತೆರಿಗೆ ಪದ್ಧತಿಯಲ್ಲಿ 80ಸಿ ಕಡಿತವಿಲ್ಲ. ಹಾಗಾಗಿ ನೀವು ಕಟ್ಟಿದ ಪಿಎಫ್ ಅನ್ನು ಪೋರ್ಟಲ್ ಕೇಳುವುದೇ ಇಲ್ಲ. ಅಷ್ಟಕ್ಕೇ ನಿರಾಳರಾಗಬೇಡಿ. ಐದು ವರ್ಷ ಸೇವೆ ತುಂಬುವ ಮೊದಲೇ ಕೆಲಸ ಬಿಟ್ಟು ಹಣ ತೆಗೆದರೆ, ಹಿಂದೆ ಕಡಿತ ಪಡೆದ ನಿಮ್ಮ ವಂತಿಗೆಗೆ ಸಾಮಾನ್ಯವಾಗಿ ತೆರಿಗೆ ಬೀಳುತ್ತದೆ. ಪಡೆಯದ ವಂತಿಗೆಗೆ ಬೀಳದು. (ಕಂಪನಿಯ ಪಾಲು, ಬಡ್ಡಿಗಳ ಕಥೆ ಬೇರೆ, ಅವಕ್ಕೆ ತೆರಿಗೆ ಇದ್ದೇ ಇದೆ.) ಯಾವ ವರ್ಷ ಯಾವ ಪದ್ಧತಿ ಆರಿಸಿದ್ದಿರಿ ಎಂಬುದಕ್ಕೆ ಸಾಕ್ಷಿ ಬೇಕಲ್ಲ? ಫಾರಂ 16, ರಿಟರ್ನ್ಸ್ ಪ್ರತಿ ಎರಡನ್ನೂ ವರ್ಷವರ್ಷವೂ ಎತ್ತಿಡಿ.

ಸಂಬಳ ದೊಡ್ಡದಿದ್ದವರಿಗೆ ಇನ್ನೊಂದು ಮಾತು: 2021ರ ಏಪ್ರಿಲ್‌ನಿಂದ, ವರ್ಷಕ್ಕೆ 2.5 ಲಕ್ಷ ರೂಪಾಯಿ ಮೀರಿ ನೀವು ಕಟ್ಟಿದ ಪಿಎಫ್ ಮೊತ್ತದ ಬಡ್ಡಿಗೆ ತೆರಿಗೆಯಿದೆ. ಅದನ್ನು ‘ಇತರ ಮೂಲಗಳ ಆದಾಯ’ದಲ್ಲಿ ನೀವೇ ನೋಡಿ ತುಂಬಿ.