ಹಳೆಯ ಪೈಪು, ಹೊಸ ಪೈಪು: ಕಾಗದದಲ್ಲಿ ನಮ್ಮ ವಸ್ತಿ ಇದೆಯೇ?



ನಿಮ್ಮ ನಳಕ್ಕೆ ನೀರು ಎಲ್ಲಿಂದ ಬರುತ್ತದೆ? 'ಟಾಕಿಯಿಂದ' ಅಂತೀರಿ. ಟಾಕಿಯಿಂದ ನಳದ ತನಕ ಹೇಗೆ ಬರುತ್ತದೆ? ನೆಲದೊಳಗಿನ ಪೈಪಿನಿಂದ. ಅದು ಕಣ್ಣಿಗೆ ಕಾಣುವುದಿಲ್ಲ. ಕಾಣದ್ದನ್ನು ಯಾರೂ ವಿಚಾರಿಸುವುದಿಲ್ಲ. ಇಂದಿನ ಪಾಠ ಆ ಪೈಪಿನ ಬಗ್ಗೆ.

ಸಾಂಗಲಿ ಜಿಲ್ಲೆಯ ಜತ್ತ ತಾಲೂಕು ಮಳೆ ಕಡಿಮೆ ಬೀಳುವ ಸೀಮೆ. ಪೂರ್ವ ಭಾಗದ ಸಂಖ, ಉಮದಿ ಕಡೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ಊರ ಹೊರಗೆ ಹೊಲಗಳ ನಡುವೆ ವಸ್ತಿಗಳಿವೆ. ಊರಿಗೆಲ್ಲ ಮುಟ್ಟಿದ ಮೇಲೆ ಕಡೆಗೆ ನೀರು ಬರುವುದು ಈ ವಸ್ತಿಗಳಿಗೆ.

ಇಂಥ ಒಂದು ವಸ್ತಿಯ ಮಾತು ಹೇಳುತ್ತೇನೆ. ಅಲ್ಲಿಯ ಕಬ್ಬಿಣದ ಪೈಪು ತುಕ್ಕು ಹಿಡಿದಿತ್ತು. ಮೂರು ಕಡೆ ಸೈಕಲ್ ಟ್ಯೂಬು ಸುತ್ತಿ ಕಟ್ಟಿದ್ದರು. ಊರಿಗೆ ಹೊಸ ಪೈಪು ಮಂಜೂರಾಯಿತು ಅಂತ ಕೇಳಿ ಎಲ್ಲರೂ ಹಿಗ್ಗಿದರು. ಕಾಗದದ ಮೇಲೆ ಸಹಿ, ಹೆಬ್ಬೆಟ್ಟು ಆದವು. ಹೊಸ ಪೈಪು ಹನುಮಪ್ಪನ ಗುಡಿಯ ತನಕ ಬಂದು ನಿಂತಿತು. "ಮುಂದ ಯಾಕ ಬರಲಿಲ್ಲ?" ಅಂತ ಕೇಳಿದರೆ, "ನಿಮ್ಮ ವಸ್ತಿ ಹೆಸರು ಅಂದಾಜುಪತ್ರದಾಗ ಇಲ್ಲ" ಅಂದರು. ಹೆಬ್ಬೆಟ್ಟು ಒತ್ತಿದ್ದ ಒಬ್ಬ ಅಜ್ಜಿ ನನಗೆ ಹೇಳಿದರು: "ಅದರಾಗ ಏನ್ ಬರದಾರ ಅಂತ ನಾ ಕೇಳಲಿಲ್ಲ. ಕೇಳಿದ್ದರ ಅವತ್ತೇ ತಿಳೀತಿತ್ತು." ಆಮೇಲೆ ಅವರು ನಮ್ಮ ವರ್ಗಕ್ಕೆ ಬಂದರು. ಮೊದಲು ಬರೆಯಲು ಕಲಿತದ್ದು ತಮ್ಮ ಹೆಸರನ್ನಲ್ಲ, ವಸ್ತಿಯ ಹೆಸರನ್ನು.

ಹಳೆಯ ಪೈಪು ಯಾಕೆ ಬದಲಿಸಬೇಕು?

ಸೋರುವ ತೂತಿನಿಂದ ನೀರು ಹೊರಗೆ ಹೋಗುತ್ತದೆ, ಇದು ಎಲ್ಲರಿಗೂ ಗೊತ್ತು. ಅದೇ ತೂತಿನಿಂದ ಹೊಲಸು ಒಳಗೂ ಬರುತ್ತದೆ, ಇದು ಬಹಳ ಮಂದಿಗೆ ಗೊತ್ತಿಲ್ಲ. ನೀರು ಬಿಟ್ಟಾಗ ಪೈಪಿನೊಳಗೆ ಒತ್ತಡ ಇರುತ್ತದೆ. ನೀರು ನಿಲ್ಲಿಸಿದಾಗ ಒತ್ತಡ ಇಳಿದು ಪೈಪು ಹೊರಗಿನದನ್ನು ಹೀರುತ್ತದೆ. ಪಕ್ಕದಲ್ಲಿ ಗಟಾರ ಇದ್ದರೆ ಗಟಾರದ ನೀರೇ ಒಳಗೆ. ಮರುದಿನ ಅದೇ ನೀರು ನಮ್ಮ ಕೊಡಕ್ಕೆ. ವಾಂತಿ-ಭೇದಿ, ಕಾಮಾಲೆ, ವಿಷಮಜ್ವರ ಹೀಗೂ ಹರಡುತ್ತವೆ. ಟಾಕಿಗೆ ಟಿಸಿಎಲ್ ಪೌಡರ್ ಹಾಕಿದರೂ ದಾರಿಯ ಪೈಪು ಒಡೆದಿದ್ದರೆ ಅದು ಸಾಲದೆ ಹೋಗಬಹುದು.

ಲೆಕ್ಕ ಮಾಡೋಣ

ಸೋರುವ ಜಾಗದಲ್ಲಿ 10 ಲೀಟರಿನ ಬಕೆಟ್ ಇಡಿ. ಅದು 5 ನಿಮಿಷಕ್ಕೆ ತುಂಬಿತು ಅನ್ನಿ.
1 ನಿಮಿಷಕ್ಕೆ: 10 ÷ 5 = 2 ಲೀಟರು.
1 ತಾಸಿಗೆ: 2 × 60 = 120 ಲೀಟರು.
ದಿನಕ್ಕೆ 3 ತಾಸು ನೀರು ಬಿಟ್ಟರೆ: 120 × 3 = 360 ಲೀಟರು.

2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ ಮಿಷನ್ನಿನ ಅಳತೆ ಏನು? ಒಬ್ಬರಿಗೆ ದಿನಕ್ಕೆ 55 ಲೀಟರು. ಅಂದರೆ ಆ ಒಂದು ತೂತಿನಿಂದ ಆರು ಮಂದಿಯ ನೀರು ಮಣ್ಣಿಗೆ ಹೋಯಿತು.

ಯಾರನ್ನು ಕೇಳಬೇಕು? ಏನು ಕೇಳಬೇಕು?

1. ಮಹಾರಾಷ್ಟ್ರದಲ್ಲಿ ಗ್ರಾಮಸಭೆಗಿಂತ ಮೊದಲು ಹೆಣ್ಣುಮಕ್ಕಳ ಸಭೆ ಆಗಬೇಕೆಂಬ ನಿಯಮ ಇದೆ. ನೀರಿನ ಮಾತು ಅಲ್ಲಿಂದಲೇ ಶುರು ಮಾಡಿರಿ. ನೀರು ತರುವವರು ನೀವು, ಮಾತಾಡುವವರೂ ನೀವೇ ಆಗಬೇಕು.

2. ಜಲಜೀವನ ಮಿಷನ್ನಿನ ನಿಯಮದಂತೆ ಊರಿನ ನೀರಿನ ಸಮಿತಿಯಲ್ಲಿ 10ರಿಂದ 15 ಸದಸ್ಯರು, ಅವರಲ್ಲಿ ಅರ್ಧ ಹೆಣ್ಣುಮಕ್ಕಳು. ನಿಮ್ಮೂರ ಸಮಿತಿಯಲ್ಲಿ ಯಾರಿದ್ದಾರೆ? ಹೆಸರು ಕೇಳಿ ಬರೆದಿಡಿ.

3. ಠರಾವು ಮರಾಠಿಯಲ್ಲಿ ಇರುತ್ತದೆ. ಹೆದರಬೇಡಿ. "ಓದಿ ಹೇಳ್ರಿ" ಅನ್ನಿ. ವಸ್ತಿಯ ಹೆಸರು, ಪೈಪಿನ ಉದ್ದ, ಎಷ್ಟು ಮನೆಗೆ ನಳ, ಈ ಮೂರನ್ನು ನಿಮ್ಮ ನೋಟಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳಿ. ಆಮೇಲೆ ಸಹಿ.

4. ಸಂವಿಧಾನದ 350ನೇ ವಿಧಿಯಂತೆ, ದೇಶದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗೆ ಅಹವಾಲು ಕೊಡಬಹುದು. ಕನ್ನಡದ ಅರ್ಜಿಯೂ ಅರ್ಜಿಯೇ. ಜೊತೆಗೆ ಮರಾಠಿ ಪ್ರತಿ ಇಟ್ಟರೆ ಕೆಲಸ ಬೇಗ ಆದೀತು.

5. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಅಂದಾಜುಪತ್ರದ ನಕಲು ಕೇಳಿರಿ. 30 ದಿನದೊಳಗೆ ಉತ್ತರ ಕೊಡಬೇಕು.

ಕೆಲಸ ನಡೆವಾಗ ನೋಡಿರಿ

ಹೊಸ ಪೈಪು ಕರಿಯದಾಗಿ, ಮೈಮೇಲೆ ನೀಲಿ ಗೆರೆ ಇದ್ದರೆ ಅದು ಕುಡಿಯುವ ನೀರಿನ ಎಚ್‌ಡಿಪಿಇ ಪೈಪು. ಅದರ ಮೇಲೆ 4984 ಎಂಬ ಅಂಕಿ ಹುಡುಕಿರಿ. ಅದು ಆ ಪೈಪಿನ ಭಾರತೀಯ ಮಾನಕದ ನಂಬರು. ಅಂಕಿ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ! ಪೈಪಿಗೆ ನೀರು ತುಂಬಿ, ಒತ್ತಡ ಕೊಟ್ಟು, ಜೋಡಣೆ ಸೋರುವುದಿಲ್ಲ ಅಂತ ನೋಡುವ ತನಕ ಜೋಡಣೆಯ ಮೇಲೆ ಮಣ್ಣು ಮುಚ್ಚಬಾರದು. ಮುಚ್ಚಿದ ಮೇಲೆ ತಪ್ಪು ಕಾಣುವುದಿಲ್ಲ. ಕುಡಿಯಲು ಬಿಡುವ ಮೊದಲು ಪೈಪನ್ನು ತೊಳೆದು ಕ್ಲೋರಿನ್ ನೀರು ಹಾಯಿಸಬೇಕು.

ಮಾದರಿ ಅರ್ಜಿ

ಮಾನ್ಯ ಸರಪಂಚರಿಗೆ,
ಗ್ರಾಮಪಂಚಾಯತಿ ____________
ವಿಷಯ: ಹಳೆಯ ನೀರಿನ ಪೈಪು ಬದಲಿಸುವ ಬಗ್ಗೆ.
ನಮ್ಮ ____________ ವಸ್ತಿಯಲ್ಲಿ ____ ಮನೆಗಳಿವೆ. ಪೈಪು ____ ಕಡೆ ಸೋರುತ್ತದೆ. ಹೊಸ ಪೈಪಿನ ಅಂದಾಜುಪತ್ರದಲ್ಲಿ ನಮ್ಮ ವಸ್ತಿಯ ಹೆಸರು ಸೇರಿಸಿ ಠರಾವು ಮಾಡಬೇಕೆಂದು ವಿನಂತಿ.
ತಾರೀಖು: ________ ಸಹಿ: ________

ಎರಡು ಪ್ರತಿ ಬರೆಯಿರಿ. ಒಂದು ಕೊಡಿ. ಇನ್ನೊಂದರ ಮೇಲೆ ಶಿಕ್ಕಾ ಹಾಕಿಸಿಕೊಂಡು ಮನೆಯಲ್ಲಿಡಿ.

ಹೊಸ ಪದಗಳು

ಠರಾವು: ಸಭೆ ಮಾಡಿದ ನಿರ್ಣಯ.
ಅಂದಾಜುಪತ್ರ: ಯಾವ ಕೆಲಸ, ಎಲ್ಲಿ, ಎಷ್ಟು ಖರ್ಚು ಎಂದು ತೋರಿಸುವ ಕಾಗದ.
ಮಂಜೂರು: ಒಪ್ಪಿಗೆ.
ಶಿಕ್ಕಾ: ಕಚೇರಿಯ ಮುದ್ರೆ.

ಅಭ್ಯಾಸ

1. ಸೋರುವ ತೂತಿನಿಂದ ಹೊಲಸು ಯಾವಾಗ ಒಳಗೆ ಬರುತ್ತದೆ?
2. 10 ಲೀಟರಿನ ಬಕೆಟ್ 10 ನಿಮಿಷಕ್ಕೆ ತುಂಬಿದರೆ, 2 ತಾಸಿಗೆ ಎಷ್ಟು ಲೀಟರು ಹಾಳು?
3. ಟಾಕಿಯಿಂದ ನಿಮ್ಮ ಮನೆಯ ತನಕ ಪೈಪಿನ ದಾರಿಯ ಗೆರೆ ಎಳೆಯಿರಿ. ಸೋರುವ ಕಡೆ ಚುಕ್ಕೆ ಇಡಿ. ಚುಕ್ಕೆಯ ಪಕ್ಕದಲ್ಲಿ ಜಾಗದ ಹೆಸರು ಬರೆಯಿರಿ.

ಆ ಅಜ್ಜಿ ಬರೆದ ಅರ್ಜಿ ಮುಂದಿನ ಗ್ರಾಮಸಭೆಯಲ್ಲಿ ಓದಿದರು. ವಸ್ತಿಯ ಹೆಸರು ಠರಾವಿನಲ್ಲಿ ಸೇರಿತು. ಪೈಪು ಇನ್ನೂ ಬರಬೇಕು. ತಿಂಗಳಿಗೊಮ್ಮೆ ಅವರು ಹೋಗಿ "ಎಲ್ಲಿಗೆ ಬಂತ್ರಿ?" ಅಂತ ಕೇಳುತ್ತಾರೆ. ಕೈಯಲ್ಲಿ ಶಿಕ್ಕಾ ಹಾಕಿದ ಪ್ರತಿ ಇರುತ್ತದೆ.